ನೂರಹನ್ನೆರಡನೆಯ ಪುಟ

ಡಬ್ಲಿನ್
14 ಆಗಸ್ಟ್ 1909

ನೋನಿ ಅಕ್ಕನಿಗೆ,

ಪುಸ್ತಕ ಕೊನೆಗೂ ಅಚ್ಚಾಯಿತು. ಈ ಕಾಗದದ ಜೊತೆ ಎರಡು ಪ್ರತಿ ಕಳಿಸಿದ್ದೇನೆ. ಒಂದು ನಿನಗೆ, ಇನ್ನೊಂದು ನಮ್ಮೂರಿನ ಸೈವ್ ಅಜ್ಜಿಗೆ. ಅವಳಿಗೆ ಓದಲು ಬರುವುದಿಲ್ಲವೆಂದು ನನಗೆ ಗೊತ್ತು. ಆದರೂ ತನ್ನ ಹೆಸರು ಅಚ್ಚಾದ ಪುಸ್ತಕ ಅವಳ ಮನೆಯಲ್ಲಿರಲಿ. ನೂರಹನ್ನೆರಡನೆಯ ಪುಟ ತೆಗೆದು ತೋರಿಸು.

ಹನ್ನೊಂದು ವರ್ಷ, ಅಕ್ಕ. ಕೋರ್ಟಿಗೆ ರಜೆ ಸಿಕ್ಕಾಗೆಲ್ಲ ನಮ್ಮ ಕ್ಲೇರ್ ಸೀಮೆಯ ಮನೆಮನೆ ತಿರುಗಿ ಹಾಡು ಬರೆದುಕೊಂಡೆ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಇಂಗ್ಲಿಷರು ಗಂಟೆಗಟ್ಟಲೆ ಕೊರೆಯುವಾಗ ಹಿಂದಿನ ಬೆಂಚಿನಲ್ಲಿ ಕೂತು ತಿದ್ದಿದೆ. ಕ್ಲೇರ್ ಸದಸ್ಯ ಮ್ಯಾಲಕಿ ಕ್ಲೂನ್ ನಿದ್ದೆ ಮಾಡದೆ ಬರೆಯುತ್ತಿದ್ದಾರೆಂದು ಪತ್ರಿಕೆಯವನೊಬ್ಬ ಆಶ್ಚರ್ಯಪಟ್ಟು ವರದಿ ಮಾಡಿದ್ದಾನೆ.

ಒಂದು ವಿಷಯದಲ್ಲಿ ಮಾತ್ರ ನಾನು ಜಂಬ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೋ. ಹಾಡುಗವಿಗಳ ಚರಿತ್ರೆ ಬರೆದವರೆಲ್ಲ 'ಜನ ಹೀಗೆ ಹಾಡುತ್ತಾರೆ' ಎಂದು ತೇಲಿಸಿಬಿಡುತ್ತಾರೆ. ಯಾವ ಜನ? ನಾನು ವಕೀಲ. ಪ್ರತಿ ಹಾಡಿನ ಕೆಳಗೂ ಹಾಡಿದವರ ಹೆಸರು, ಊರು, ವಯಸ್ಸು, ಹಾಡಿದ ದಿನ ಹಾಕಿದ್ದೇನೆ. ಸಾಕ್ಷಿಯಿಲ್ಲದ ಒಂದು ಸಾಲೂ ಇಲ್ಲ. ಕುರುಡ ತೈಗ್ ಕಟ್ಟಿದ ಬರಗಾಲದ ಹಾಡು ಬಲ್ಲವರು ಈಗ ಸೈವ್ ಅಜ್ಜಿಯೊಬ್ಬಳೇ. ಅವಳು ಹೋದರೆ ಅದೂ ಹೋಗುತ್ತಿತ್ತು.

ಆ ಹಾಡಿನಲ್ಲಿ ವಿಧವೆಯ ಹೊಲ ನುಂಗಿದವನು ಒಬ್ಬ ಹ್ಯಾಲೊರನ್. ನಮ್ಮ ಡೆನಿಸ್ ಹ್ಯಾಲೊರನ್‌ಗೆ ಸ್ವಲ್ಪ ಉರಿಯಬಹುದು. ಆದರೆ ಅರವತ್ತು ವರ್ಷದ ಹಿಂದಿನ ಮಾತು; ಅವನ ಅಂಗಡಿಯಲ್ಲೇ ಅವನಿಗೊಂದು ಗ್ಲಾಸು ಕುಡಿಸಿದರೆ ನಕ್ಕುಬಿಡುತ್ತಾನೆ. ಹೊಸ ವರ್ಷದ ಹೊತ್ತಿಗೆ ಚುನಾವಣೆ ಬರಬಹುದೆಂಬ ಸುದ್ದಿಯಿದೆ. ಆಗ ಹೇಗೂ ಬರುತ್ತೇನೆ.

ಓದಿ ಬರೆ. ಹೊಗಳಿಯೇ ಬರೆ.

ನಿನ್ನ ತಮ್ಮ
ಮ್ಯಾಲಕಿ

*

ಕಿಲ್‌ಬ್ರಾಕನ್ ಶಾಲೆ
30 ಆಗಸ್ಟ್ 1909

ಮ್ಯಾಲಕಿ,

ಪುಸ್ತಕ ಚೆನ್ನಾಗಿದೆ. ಹೊಗಳಿಕೆ ಇಷ್ಟು ಸಾಕು, ಉಳಿದದ್ದು ಕೇಳು.

ಸೈವ್ ಅಜ್ಜಿಗೆ ಆ ಪುಟ ಓದಿ ಹೇಳಿದೆ. ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬಿಳುಚಿಕೊಂಡಿತು. "ಅವನು ನೋಟ್‌ಬುಕ್ಕಲ್ಲಿ ಗೀಚ್ಕೊಳ್ತಾ ಇದಾನೆ ಅಂದ್ಕೊಂಡಿದ್ದೆ ಕಣೆ. ಅಚ್ಚು ಹಾಕ್ತಾನಾ? ಅದೂ ನನ್ನ ಹೆಸ್ರು ಸಮೇತ?" ಎಂದಳು. ಆಮೇಲೆ ಪುಸ್ತಕವನ್ನು ಹಿಟ್ಟಿನ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿದಳು.

ಡೆನಿಸ್ ನಗಲಿಲ್ಲ. ಪುಸ್ತಕ ಎಲ್ಲಿಂದ ತರಿಸಿದನೋ, ಶನಿವಾರ ಅಂಗಡಿ ತುಂಬ ಜನ ಇದ್ದಾಗ ಆ ಪುಟ ಗಟ್ಟಿಯಾಗಿ ಓದಿದನಂತೆ. "ನಮ್ಮಜ್ಜ ವಿಧವೆ ಹೊಲ ನುಂಗ್ದ ಅಂತೆ. ಹೇಳಿದೋಳು ಯಾರು ಗೊತ್ತಾ? ಹೆಸ್ರು, ಊರು, ವಯಸ್ಸು ಎಲ್ಲಾ ಇದೆ ನೋಡ್ರಪ್ಪಾ, ಎಂಪಿ ಸಾಹೇಬ್ರು ನಮಗೆ ಹುಡುಕೋ ಕಷ್ಟ ಕೊಟ್ಟಿಲ್ಲ" ಎಂದನಂತೆ.

ನಿನ್ನೆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಗೇಟಿನ ಹತ್ತಿರ ಅಜ್ಜಿ ಎಂದಿನಂತೆ ಎಲ್ಲರಿಗೂ ನಮಸ್ಕಾರ ಹೇಳಿದಳು. ಗಂಡಸರು ಆಕಾಶ ನೋಡಿದರು. ಹೆಂಗಸರು ಶಾಲು ಸರಿಮಾಡಿಕೊಂಡರು. ಅವರಿಗೆ ಕೇಳಿಸಲಿಲ್ಲವೇನೋ ಎಂದು ಅವಳು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದಳು. ನನಗೆ ನೋಡಲಾಗಲಿಲ್ಲ. ತೋಳು ಹಿಡಿದು ಮನೆಗೆ ಕರೆದುಕೊಂಡು ಹೋದೆ.

ಇದರ ಅರ್ಥ ನಿನಗೆ ನಾನು ಹೇಳಬೇಕಾಗಿಲ್ಲ. ನನಗೆ ಭಯವಾಗುತ್ತಿದೆ.

ನೋನಿ

*

ಡಬ್ಲಿನ್
6 ಸೆಪ್ಟೆಂಬರ್ 1909

ಅಕ್ಕ,

ನೀನು ಚಿಕ್ಕಂದಿನಿಂದಲೂ ಹೆದರುಪುಕ್ಕಲಿ. ಡೆನಿಸ್ ನಮ್ಮ ಪಕ್ಷದ ಊರ ಅಧ್ಯಕ್ಷ. ಭಾರದ ಚೀಲ ಹೊತ್ತ ಕತ್ತೆಯ ಹಾಗೆ ಒಂದಿಷ್ಟು ಕಿರುಚಿ ಸುಮ್ಮನಾಗುತ್ತಾನೆ. ಎರಡು ವಾರ ತಡಿ.

ಪುಸ್ತಕ ಹಿಂದಕ್ಕೆ ತೆಗೆದುಕೊಳ್ಳುವ ಮಾತಂತೂ ಇಲ್ಲ. ಅಜ್ಜಿ ಹಾಡಿದಳು, ನಾನು ಬರೆದುಕೊಂಡೆ, ಓದಿ ಹೇಳಿದೆ, ಸರಿ ಎಂದಳು. ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ. ಇವತ್ತು ಹ್ಯಾಲೊರನ್‌ಗಾಗಿ ಒಂದು ಸಾಲು ಬಿಟ್ಟರೆ ನಾಳೆ ಇನ್ನೊಬ್ಬನಿಗಾಗಿ ಇನ್ನೊಂದು ಬಿಡಬೇಕು.

ಒಂದು ಮಾತು ನಿನಗೆ ಮಾತ್ರ. ಆ ಸಾಲು ಓದುವಾಗ ನನಗೂ ಸ್ವಲ್ಪ ಕುಂಟಿದ ಹಾಗೆ ಅನ್ನಿಸಿತ್ತು. ಕುರುಡ ತೈಗ್ ಬೇರೆಲ್ಲೂ ತಾಳ ತಪ್ಪಿದವನಲ್ಲ. ಹಸಿದ ಹೊಟ್ಟೆಯಲ್ಲಿ ಕಟ್ಟಿದ್ದಿರಬೇಕು ಎಂದು ಟಿಪ್ಪಣಿ ಹಾಕಿ ಮುಂದೆ ಹೋದೆ.

ಅಜ್ಜಿಗೆ ಧೈರ್ಯ ಹೇಳು.

ಮ್ಯಾಲಕಿ

*

ಕಿಲ್‌ಬ್ರಾಕನ್
28 ಸೆಪ್ಟೆಂಬರ್ 1909

ಮ್ಯಾಲಕಿ,

ಎರಡು ವಾರ ಹೋಗಿ ಮೂರಾಯಿತು.

ಅಜ್ಜಿಯ ವರ್ಷದ ಟರ್ಫ್, ಒಲೆ ಉರಿಸುವ ಆ ಮಣ್ಣಿನ ಹೆಂಟೆಯಷ್ಟೂ, ಇನ್ನೂ ಜವುಗಿನಲ್ಲೇ ಇದೆ. ವಸಂತದಲ್ಲಿ ಊರವರು ಒಟ್ಟಿಗೆ ಹೋಗಿ ಅವಳದ್ದನ್ನೂ ಕಡಿದು, ಒಣಗಲು ಒಟ್ಟಿ ಬಂದಿದ್ದರು. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಗಾಡಿಗಳು ಸರದಿಯ ಮೇಲೆ ಎಲ್ಲರ ಮನೆಗೂ ತಂದು ಹಾಕುತ್ತವೆ. ಈ ಸಲ ಎಲ್ಲರ ಮನೆಗೂ ಬಂತು, ಅವಳ ಮನೆಯೊಂದನ್ನು ಬಿಟ್ಟು. ನಿನ್ನೆಯಿಂದ ಮಳೆ ಹಿಡಿದಿದೆ. ಒಲೆಗೆ ಹಾಕಲು ಅವಳ ಹತ್ತಿರ ಹೆಚ್ಚೆಂದರೆ ಒಂದು ತಿಂಗಳಿನದ್ದಿದೆ.

ಶಾಲೆ ಬಿಟ್ಟ ಮೇಲೆ ನಾನೇ ಬೆನ್ನುಬುಟ್ಟಿ ಕಟ್ಟಿಕೊಂಡು ಹೋಗುತ್ತೇನೆ. ಜವುಗಿಗೆ ಮೂರು ಮೈಲಿ. ಐವತ್ತೊಂದು ವರ್ಷದ ಟೀಚರಮ್ಮ ಬುಟ್ಟಿ ಹೊತ್ತು ಬರುವುದನ್ನು ನೋಡಲು ಮಕ್ಕಳು ಬೇಲಿ ಹತ್ತಿ ಕೂರುತ್ತವೆ. ನಾನು ತರುವುದು ಒದ್ದೆ ಟರ್ಫ್. ಹೊಗೆ ಬರುತ್ತದೆ, ಉರಿ ಬರುವುದಿಲ್ಲ.

ಡೆನಿಸ್ ಹತ್ತಿರ ಹೋಗಿ ಬೇಡಿಕೊಂಡೆ. ಕಂಬದ ಹಾಗೆ ಕೈಕಟ್ಟಿ ನಿಂತು ಕೇಳಿದ. "ನಾವೇನು ಅವಳ ಮನೆಗೆ ಬೆಂಕಿ ಹಚ್ಚಿದ್ವಾ ಟೀಚರಮ್ಮಾ? ಒಂದು ಕಲ್ಲು ಹೊಡೆದ್ವಾ? ಮಾತಾಡ್ತಾ ಇಲ್ಲ, ಅಷ್ಟೇ. ಮಾತಾಡ್ದೆ ಇರೋದು ಯಾವ ಕಾನೂನಲ್ಲಿ ತಪ್ಪು? ಎನಿಸ್ ಕೋರ್ಟಲ್ಲಿ ಇದನ್ನ ಹೇಳಿದ್ದು ನಿಮ್ಮ ತಮ್ಮಾನೇ" ಎಂದ.

ಹೌದು, ನೀನೇ. ಇಪ್ಪತ್ತೆರಡು ವರ್ಷದ ಹಿಂದೆ, ಒಕ್ಕಲೆಬ್ಬಿಸಲ್ಪಟ್ಟವರ ಹೊಲ ಹಿಡಿದ ಒಬ್ಬನಿಗೆ ಊರು ಬಹಿಷ್ಕಾರ ಹಾಕಿದಾಗ, ಜೈಲಿಗೆ ಹೋಗಬೇಕಿದ್ದ ಏಳು ಜನರನ್ನು ಆ ಒಂದು ಮಾತಿನಿಂದ ಬಿಡಿಸಿದೆ. ಅದರಿಂದಲೇ ಎಂಪಿಯಾದೆ. ಆ ಏಳರಲ್ಲಿ ಡೆನಿಸ್ ಒಬ್ಬ. ಪಾಠ ಚೆನ್ನಾಗಿ ಕಲಿಸಿದ್ದೀಯ, ತಮ್ಮಾ.

ನೋನಿ

*

ಲಂಡನ್
7 ಅಕ್ಟೋಬರ್ 1909

ಅಕ್ಕ,

ಡೆನಿಸ್‌ಗೆ ಬರೆದಿದ್ದೆ. ಉತ್ತರ ಬಂತು. ಭಾರಿ ಮರ್ಯಾದೆಯ ಕಾಗದ. ಅಷ್ಟು ಮರ್ಯಾದೆ ಕಂಡೇ ನನಗೆ ಅನುಮಾನ ಬಂತು. ಆ ಮುದುಕಿ ಹಾಡನ್ನು ತಾನೇ ಹೊಸೆದಿದ್ದಾಳೆ, ನಾನು ಮೋಸಹೋದೆ ಎಂದು ಜಿಲ್ಲೆಯ ಪತ್ರಿಕೆಯಲ್ಲಿ ನಾನು ಬರೆಯಬೇಕಂತೆ. ಬರೆದರೆ ಡಿಸೆಂಬರಿನ ಸಭೆಯಲ್ಲಿ ಅವನೇ ಎದ್ದು ನಿಂತು ಚುನಾವಣೆಗೆ ನನ್ನ ಹೆಸರು ಸೂಚಿಸುತ್ತಾನೆ. ಬರೆಯದಿದ್ದರೆ ಬೇರೆಯವರಿದ್ದಾರೆ.

ಹಾಗೆ ಬರೆದರೆ ಅವಳ ಗತಿ? ಸುಳ್ಳು ಹೇಳಿದವಳೆಂದು ನಾನೇ ಮುದ್ರೆ ಒತ್ತಿದ ಹಾಗಾಗುತ್ತದೆ. ಟರ್ಫ್ ಇರಲಿ, ಸತ್ತರೆ ಹೊರಲು ಜನ ಬರುವುದಿಲ್ಲ.

ನನಗೆ ಇನ್ನೊಂದು ಸಾಕ್ಷಿ ಬೇಕು. ಅವಳು ಯಾರಿಂದ ಕಲಿತಳು, ಬೇರೆ ಯಾರಾದರೂ ಆ ಹೆಸರನ್ನೇ ಕೇಳಿದ್ದಾರೆಯೇ? ನಿಧಾನವಾಗಿ, ಹೆದರಿಸದೆ ಕೇಳು. ಎರಡನೆಯವರು ಒಬ್ಬರು ಸಿಕ್ಕಿದರೆ ಡೆನಿಸ್‌ನನ್ನು ನಾನು ನೋಡಿಕೊಳ್ಳುತ್ತೇನೆ. ಬೇಗ ಬರೆ, ಅಕ್ಕ. ದಿನಾ ಟಪಾಲಿನವನ ದಾರಿ ಕಾಯುತ್ತೇನೆ.

ಮ್ಯಾಲಕಿ

*

ಕಿಲ್‌ಬ್ರಾಕನ್
24 ಅಕ್ಟೋಬರ್ 1909

ಮ್ಯಾಲಕಿ,

ತಡವಾಯಿತು. ಮೂರು ಸಲ ಬರೆದು ಮೂರು ಸಲ ಹರಿದೆ.

ನೀನು ಹೇಳಿದ ಹಾಗೆ ಕೇಳಿದೆ. ಅಜ್ಜಿ ಮೊದಲು ಕೋಳಿಗಳ ಮೇಲೆ ಮಾತು ತಿರುಗಿಸಿದಳು, ಆಮೇಲೆ ಮಂಡಿನೋವಿನ ಮೇಲೆ. ನಾನು ಬಿಡಲಿಲ್ಲ. "ಎರಡನೇ ಸಾಕ್ಷಿ ಸಿಕ್ಕಿದರೆ ಊರವರ ಬಾಯಿ ಮುಚ್ಚಿಸಬಹುದು ಅಜ್ಜಿ, ಹ್ಯಾಲೊರನ್ ಹೆಸರು ಬೇರೆ ಯಾರು ಬಲ್ಲರು?" ಎಂದೆ.

"ಯಾರೂ ಇಲ್ಲ. ಆ ಹೆಸ್ರು ಹಾಡಲ್ಲಿ ಇಲ್ವೇ ಇಲ್ಲ" ಎಂದಳು.

ನನಗೆ ಅರ್ಥವಾಗಲಿಲ್ಲ. ಆಗ ಅವಳು ನನ್ನ ಮುಖ ನೋಡದೆ ಹೇಳಿದಳು: "ನಿನ್ನ ತಮ್ಮ ಬಂದು ಅಲ್ಲಿ ಒಲೆ ಪಕ್ಕ ಕೂತಿದ್ದ. ನನ್ನ ಕೈಯಿಂದ ಚಹಾ ತಗೊಂಡಿದ್ದ. ಹಾಡ್ತಾ ಹಾಡ್ತಾ ಆ ಸಾಲು ಬಂತು. ಮನೆಗೆ ಬಂದೋನ ಎದುರಿಗೆ ಅವನ ಅಜ್ಜನ್ನೇ ಬೈಯೋದಕ್ಕಾಗುತ್ತಾ? ಕಿಟಕೀಲಿ ನೋಡಿದೆ, ಹ್ಯಾಲೊರನ್ ಗಾಡಿ ಹೋಗ್ತಾ ಇತ್ತು. ಬಾಯಿಗೆ ಬಂದಿದ್ದು ಹಾಕಿಬಿಟ್ಟೆ."

ನಮ್ಮ ಹಾಡುಗಾರರು ಹೀಗೆ ಮಾಡುತ್ತಾರೆಂದು ನಿನಗೂ ಗೊತ್ತು, ನನಗೂ ಗೊತ್ತು. ಅತಿಥಿಯ ಮನೆತನಕ್ಕೆ ತಗಲುವ ಸಾಲು ಬಂದರೆ ನುಂಗುತ್ತಾರೆ, ಇಲ್ಲವೆ ಹೆಸರು ಬದಲಿಸುತ್ತಾರೆ. ಮದುವೆ ಮನೆಗಳಲ್ಲಿ ಎಷ್ಟು ಸಲ ಕೇಳಿಲ್ಲ? ಹನ್ನೊಂದು ವರ್ಷ ತಿರುಗಿದವನಿಗೆ, ಆ ಒಲೆಯ ಮುಂದೆ ಅತಿಥಿಯಾಗಿ ಕೂತಿದ್ದವನು ತಾನೇ ಎಂಬುದು ಹೊಳೆಯಲಿಲ್ಲ.

ನಮ್ಮಜ್ಜ ಮಾರ್ಟಿನ್ ಕ್ಲೂನ್. ನಾವು ಹಣ್ಣು ಕೀಳಲು ಹೋಗುತ್ತಿದ್ದ ಮೇಲಿನ ಹೊಲ. ಅಲ್ಲಿ ಒಂದು ಮನೆಯ ತಳಪಾಯದ ಕಲ್ಲುಗಳಿದ್ದವು, ನೆನಪಿದೆಯೇ? ದನದ ಕೊಟ್ಟಿಗೆ ಎಂದು ಅಪ್ಪ ಹೇಳುತ್ತಿದ್ದರು. ಆ ಬರಗಾಲದ ಮಾತು ನಮ್ಮಲ್ಲಿ ಯಾರೂ ಆಡುವುದಿಲ್ಲ, ನಾವೂ ಕೇಳಲಿಲ್ಲ.

ಏನು ಮಾಡಬೇಕೆಂದು ನನ್ನನ್ನು ಕೇಳಬೇಡ.

ನೋನಿ

*

ಲಂಡನ್
2 ನವೆಂಬರ್ 1909

ಅಕ್ಕ,

ಮೊದಲು ನನಗೆ ಬಂದದ್ದು ಸಿಟ್ಟು. ಸಾಕ್ಷಿ ಎರಡು ಸಲ ಎರಡು ಮಾತು ಹೇಳಿದರೆ ಎರಡನೆಯದನ್ನು ಏಕೆ ನಂಬಬೇಕು? ಬಹಿಷ್ಕಾರದ ಹೆದರಿಕೆಗೆ ಈಗ ಹೆಸರು ಬದಲಿಸುತ್ತಿರಬಹುದು. ಕೋರ್ಟಿನಲ್ಲಾದರೆ ಅವಳನ್ನು ಐದು ನಿಮಿಷದಲ್ಲಿ ಮಣಿಸುತ್ತಿದ್ದೆ. ಹೀಗೆಲ್ಲ ನಾಲ್ಕು ಪುಟ ಬರೆದೆ. ಅದನ್ನು ಕಳಿಸುತ್ತಿಲ್ಲ.

ಆಮೇಲೆ ಹಾಡು ತೆಗೆದು ಹ್ಯಾಲೊರನ್ ಇದ್ದಲ್ಲಿ ನಮ್ಮ ಹೆಸರಿಟ್ಟು ಮೇಜಿನ ಮೇಲೆ ತಾಳ ಹಾಕಿದೆ.

ವಿಧವೆಯ ಒಲೆಯೊಳಗೆ ಬೂದಿಯಿನ್ನೂ ಬಿಸಿಯಿರಲು
ಬೇಲಿಗೂಟವ ಹೊತ್ತು ಬಂದವನು ಕ್ಲೂನ್.

ಎಲ್ಲೂ ಕುಂಟಲಿಲ್ಲ. ಕುರುಡ ತೈಗ್ ತಾಳ ತಪ್ಪಿರಲಿಲ್ಲ. ಆ ಹೊಲದ ಬೆಳೆಯಲ್ಲಿ ನಾನು ಕಾನೂನು ಓದಿದೆ. ಹೊಲ ನುಂಗುವವರ ವಿರುದ್ಧ ಕಂಠ ಹರಿಯುವ ಹಾಗೆ ಕೂಗಿ ಓಟು ಕೇಳಿದೆ.

ಖಂಡಿತ ತಿದ್ದುತ್ತೇನೆ. ಆದರೆ ಯೋಚಿಸು. ಜನವರಿಯಲ್ಲಿ ಚುನಾವಣೆ ಎನ್ನುತ್ತಾರೆ. ಸ್ವರಾಜ್ಯದ ಮಸೂದೆ ಎಂದಿಗಿಂತ ಹತ್ತಿರ ಬಂದಿದೆ. ಈಗ ನಾನು ಅಲ್ಲಿರಬೇಕು. ಹತ್ತು ವಾರ. ಅಲ್ಲಿಯವರೆಗೆ ನೀನು ಹೇಗಾದರೂ ಅವಳನ್ನು ನಿನ್ನ ಮನೆಯಲ್ಲಿಟ್ಟುಕೊಳ್ಳಬಾರದೆ? ಚುನಾವಣೆ ಮುಗಿದ ಮರುದಿನವೇ ಬರೆಯುತ್ತೇನೆ. ಆಣೆಯಿಟ್ಟು ಹೇಳುತ್ತೇನೆ.

ನಿನ್ನ
ಮ್ಯಾಲಕಿ

*

ಕಿಲ್‌ಬ್ರಾಕನ್
9 ನವೆಂಬರ್ 1909

ಮ್ಯಾಲಕಿ,

ಕರೆದೆ. ಬರುವುದಿಲ್ಲ ಎಂದಳು. "ನನ್ನ ಮನೇಲಿ ಬೆಂಕಿ ಆರಿಸಿ ನಾನೇ ಹೊರಗೆ ಬರಲಾ? ಬೇರೆಯವ್ರು ಎಳೀಲಿ, ಆಮೇಲೆ ನೋಡೋಣ" ಎಂದಳು. ನನಗೆ ಆ ಮಾತು ವಿಚಿತ್ರ ಅನ್ನಿಸಿತು.

ಕೆಮ್ಮು ಎದೆಗಿಳಿದಿದೆ. ನಿನ್ನೆ ಹೋದಾಗ ನೀನು ಕೂತಿದ್ದ ಬೆಂಚನ್ನು ಒಡೆದು ಒಲೆಗೆ ಹಾಕುತ್ತಿದ್ದಳು. ನನ್ನ ಟರ್ಫ್ ಅರ್ಧ ಕೊಟ್ಟಿದ್ದೇನೆ. ಫಾದರ್ ಮೀಹನ್ ಉಪದೇಶದಲ್ಲಿ ನೆರೆಹೊರೆಯ ಪ್ರೀತಿಯ ಬಗ್ಗೆ ಹೇಳಿದರು. ಜನ ಭಕ್ತಿಯಿಂದ ಕೇಳಿ ಹಾಗೆಯೇ ಮನೆಗೆ ಹೋದರು.

ಹತ್ತು ವಾರ ನಿನಗೆ ಚುನಾವಣೆ, ಅವಳಿಗೆ ಚಳಿಗಾಲ. ಅಷ್ಟು ದಿನ ಅವಳು ತಡೆಯುವುದಿಲ್ಲ, ಮ್ಯಾಲಕಿ. ಇದನ್ನು ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ.

ಮಾರ್ಟಿನ್ ಕ್ಲೂನ್ ನನಗೂ ಅಜ್ಜನೇ. ನೀನು ಲಂಡನ್ನಿನಲ್ಲಿರುತ್ತೀಯ, ನಾನು ಇಲ್ಲಿ ಅವರ ಮಕ್ಕಳಿಗೆ ಪಾಠ ಹೇಳಬೇಕು. ನಾಳೆ ಗೇಟಿನಲ್ಲಿ ನನ್ನನ್ನು ನೋಡಿಯೂ ಆಕಾಶ ನೋಡಬಹುದು. ಅದನ್ನೆಲ್ಲ ಯೋಚಿಸಿಯೇ ಬರೆಯುತ್ತಿದ್ದೇನೆ. ಬರೆದುಬಿಡು.

ನೋನಿ

*

ಲಂಡನ್
16 ನವೆಂಬರ್ 1909

ಡೆನಿಸ್ ಹ್ಯಾಲೊರನ್‌ಗೆ,

ಇದನ್ನು ಭಾನುವಾರ ಚರ್ಚಿನ ಗೇಟಿನ ಮುಂದೆ ಗಟ್ಟಿಯಾಗಿ ಓದು. ಇದೇ ಕಾಗದ ಜಿಲ್ಲೆಯ ಪತ್ರಿಕೆಗೂ ಹೋಗಿದೆ. ನೀನು ಓದದಿದ್ದರೂ ಅದರ ಮುಂದಿನ ಶನಿವಾರದ ಸಂಚಿಕೆಯಲ್ಲಿ ಬರುತ್ತದೆ. ಆದರೆ ನಿನ್ನ ಬಾಯಿಂದ ಬರುವುದು ನ್ಯಾಯ.

ಕಿಲ್‌ಬ್ರಾಕನ್‌ನ ಹಿರಿಯರೇ, ನೆರೆಯವರೇ, ನನ್ನ ಪುಸ್ತಕದ ನೂರಹನ್ನೆರಡನೆಯ ಪುಟದಲ್ಲಿ ವಿಧವೆಯ ಹೊಲ ಹಿಡಿದವನು ಹ್ಯಾಲೊರನ್ ಎಂದಿದೆ. ಅದು ತಪ್ಪು. ಅವನು ಮಾರ್ಟಿನ್ ಕ್ಲೂನ್, ನನ್ನ ಅಪ್ಪನ ಅಪ್ಪ. ಸೈವ್ ಅಜ್ಜಿ ಹಾಡಿನಲ್ಲಿ ಹೆಸರು ಬದಲಿಸಿದ್ದು ನಾನು ಅವಳ ಮನೆಗೆ ಬಂದ ಅತಿಥಿ ಎಂಬ ಒಂದೇ ಕಾರಣಕ್ಕೆ. ಆ ಮರ್ಯಾದೆಯನ್ನು ಅರ್ಥಮಾಡಿಕೊಳ್ಳದೆ ಅಚ್ಚು ಹಾಕಿದವನು ನಾನು, ಕೆಳಗೆ ಅವಳ ಹೆಸರು ಹಾಕಿ ನಿಮಗೆ ಒಪ್ಪಿಸಿದವನೂ ನಾನು. ಹ್ಯಾಲೊರನ್ ಮನೆತನದ ಕ್ಷಮೆ ಕೇಳುತ್ತೇನೆ. ಮಾತು ಬಿಡಬೇಕಾದರೆ ನನ್ನ ಜೊತೆ ಬಿಡಿ.

ಚುನಾವಣೆಗೆ ನಿಲ್ಲುವ ಬಗ್ಗೆ ನಾನು ಏನೂ ಕೇಳುವುದಿಲ್ಲ. ಅವಳ ಟರ್ಫ್ ಮಾತ್ರ ತಂದುಕೊಡಿ.

ಮ್ಯಾಲಕಿ ಕ್ಲೂನ್

*

ಕಿಲ್‌ಬ್ರಾಕನ್
23 ನವೆಂಬರ್ 1909

ತಮ್ಮಾ,

ಡೆನಿಸ್ ಓದಿದ. ಮೊದಲ ನಾಲ್ಕು ಸಾಲು ಗೆದ್ದವನ ಧ್ವನಿಯಲ್ಲಿ ಓದಿದ, ಆಮೇಲೆ ಧ್ವನಿ ಇಳಿಯಿತು. ಓದಿ ಮುಗಿಸಿದಾಗ ಎಲ್ಲರೂ ನನ್ನನ್ನು ನೋಡಿದರು. ಡೆನಿಸ್ ಕಾಗದ ಮಡಿಚಿ ಜೇಬಿಗಿಟ್ಟುಕೊಂಡು ತನ್ನ ಅಣ್ಣನ ಮಕ್ಕಳ ಕಡೆ ತಿರುಗಿ, "ಏನ್ರೋ ಬಾಯಿ ಬಿಟ್ಕೊಂಡು ನಿಂತಿದೀರಾ? ಗಾಡಿ ಕಟ್ರೋ!" ಎಂದು ಗದರಿದ. ಭಾನುವಾರ ಎಂದು ಯಾರೋ ಗೊಣಗಿದರು. "ಚಳಿಗೆ ಭಾನುವಾರ ಸೋಮವಾರ ಇದ್ಯೇನೋ?" ಎಂದ.

ಹದಿಮೂರು ಗಾಡಿ ಬಂದವು. ಜವುಗಿನಲ್ಲಿ ನೆಂದದ್ದನ್ನು ಬಿಟ್ಟು ತಮ್ಮ ತಮ್ಮ ಕೊಟ್ಟಿಗೆಯ ಒಣ ಟರ್ಫ್ ತಂದು ಹಾಕಿದರು.

ಕೆಟ್ಟ ಸುದ್ದಿಯನ್ನೂ ಹೇಳಬೇಕು. ಪಕ್ಷದವರು ಎನಿಸ್‌ನ ಬೇರೊಬ್ಬನನ್ನು ನಿಲ್ಲಿಸುತ್ತಾರಂತೆ. ಡೆನಿಸ್ ನಿನಗೆ ತಾನೇ ಬರೆಯಲು ನಾಚುತ್ತಿದ್ದಾನೆ. ಸೋಮವಾರದಿಂದ ಶಾಲೆಗೆ ಮೂರು ಮನೆಯ ಮಕ್ಕಳು ಬರುತ್ತಿಲ್ಲ. ನಾಳೆ ಬರಬಹುದು, ಬರದೆಯೂ ಇರಬಹುದು. ಪ್ರತಿದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತೇನೆ.

ಅಜ್ಜಿ ಮಾತ್ರ ನಿನ್ನ ಮೇಲೆ ಉರಿಯುತ್ತಿದ್ದಾಳೆ. ತಾನೇ ಕಾಗದ ಬರೆಸುತ್ತಾಳಂತೆ.

ನಿನ್ನ ಅಕ್ಕ
ನೋನಿ

*

ಕಿಲ್‌ಬ್ರಾಕನ್
4 ಡಿಸೆಂಬರ್ 1909

ಮ್ಯಾಲಕಿ,

ನೋನಿ ಕೈಲಿ ಬರೆಸ್ತಾ ಇದೀನಿ. ಒಂದಕ್ಷರ ಆಚೆ ಈಚೆ ಮಾಡಬೇಡ ಅಂದಿದೀನಿ.

ಟರ್ಫ್ ಬಂತು. ಕೆಮ್ಮು ಕಮ್ಮಿಯಾಗಿದೆ. ಬಂದವರೆಲ್ಲ ಒಲೆ ಮುಂದೆ ಕೂತ್ಕೊಂಡು, "ಸರಿಯಾದ ಹೆಸ್ರು ಹಾಕಿ ಹಾಡಜ್ಜಿ" ಅಂತಾರೆ. ಹಾಡಲ್ಲ ಅಂದಿದೀನಿ. ನಾನು ಮುಚ್ಚಿದ್ದನ್ನ ನೀನು ಗೇಟಲ್ಲಿ ಕೂಗಿಸಿಬಿಟ್ಟೆ. ನನ್ನ ಮನೆಗೆ ಬಂದೋರು ಯಾರೂ ಇಲ್ಲಿವರೆಗೆ ತಲೆ ತಗ್ಗಿಸ್ಕೊಂಡು ಹೋಗಿರಲಿಲ್ಲ. ನನ್ನ ಒಲೆ ಉರೀಲಿ ಅಂತ ಮಾಡ್ದ ಅಂತಾಳೆ ನೋನಿ. ಇರಲಿ. ಆದ್ರೂ ಸಿಟ್ಟಿದೆ.

ಪುಸ್ತಕ ತಿದ್ದಿ ಮತ್ತೆ ಅಚ್ಚು ಹಾಕಿಸ್ತೀಯಂತೆ. ಹಾಗಿದ್ರೆ ಇನ್ನೊಂದೂ ತಿದ್ದು. ಆ ವಿಧವೆ ಯಾರು ಅಂತ ಗೊತ್ತಾಗಲಿಲ್ಲ ಅಂತ ಬರೆದಿದೀಯಂತಲ್ಲ, ನೋನಿ ನಿನ್ನೆ ಓದಿದಳು. ಅವತ್ತು ನನ್ನ ಹೆಸ್ರು ಕೇಳಿದೆ, ಊರು ಕೇಳಿದೆ, ವಯಸ್ಸು ಕೇಳಿದೆ. ಅವಳು ಯಾರು ಅಂತ ಕೇಳಲಿಲ್ಲ. ಕೇಳಿದ್ರೂ ಹೇಳ್ತಿರಲಿಲ್ಲ ಅನ್ನು.

ಅವಳ ಹೆಸ್ರು ಊನಾ. ಮನೆ ಕೆಡವಿದಾಗ ಅವಳ ಜೊತೆ ಒಂಬತ್ತು ವರ್ಷದ ಒಂದು ಹುಡುಗಿ ಇತ್ತು. ರಸ್ತೆ ಪಕ್ಕದ ಚರಂಡೀಲಿ ಕೊಂಬೆ ಹೊದಿಸ್ಕೊಂಡು ಇದ್ವಿ. ಹದಿನೇಳನೇ ದಿನ ಅವಳು ಏಳಲಿಲ್ಲ. ನಿಮ್ಮಜ್ಜ ಮೇಲೆ ಬೇಲಿ ಹಾಕ್ತಾ ಇದ್ದ. ನಾನು ಹೋಗಿ ಅಮ್ಮ ಏಳ್ತಾ ಇಲ್ಲ ಅಂದೆ. ಅವನು ಸುತ್ತಿಗೆ ಕೆಳಗಿಟ್ಟು ಬಂದು, ತನ್ನ ಕೋಟು ಬಿಚ್ಚಿ ಅವಳ ಮೇಲೆ ಹೊದಿಸಿ, ಮತ್ತೆ ಹೋಗಿ ಬೇಲಿ ಹಾಕಿದ. ಆ ಕೋಟಿನ ಮಾತು ತೈಗ್‌ಗೆ ಗೊತ್ತಿರಲಿಲ್ಲ, ಹಾಡಲ್ಲಿ ಇಲ್ಲ. ನಾನು ಯಾರಿಗೂ ಹೇಳಿಲ್ಲ, ಇವತ್ತೇ ಮೊದಲು.

ಎರಡನ್ನೂ ಹಾಕು. ಒಂದನ್ನೇ ಹಾಕೋದಾದ್ರೆ ಯಾವುದನ್ನೂ ಹಾಕಬೇಡ.

ನೋನಿ ಅಳ್ತಾ ಇದಾಳೆ, ಶಾಯಿ ಕದಡ್ತಾ ಇದೆ. ನಿಲ್ಲಿಸ್ತೀನಿ. ಕ್ರಿಸ್ಮಸ್‌ಗೆ ಬಂದ್ರೆ ಇಲ್ಲಿಗೂ ಬಾ. ಬೆಂಚಿಲ್ಲ, ನೆಲದ ಮೇಲೆ ಕೂರಬೇಕು.

ಸೈವ್
(ಹೆಬ್ಬೆಟ್ಟಿನ ಗುರುತು)